ಪಕ್ಷ ಎರಡಾದ ಊರಲ್ಲಿ ಮಾತುಕತೆ ಕೂರಿಸುವುದು ಹೇಗೆ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಕಾಗದದ ಮೇಲಿನ ಮಾತು ಅದು. ಯಾವ ಮನೆ ಯಾವ ಪಕ್ಷ ಅನ್ನುವುದು ಊರಿನ ಮಕ್ಕಳಿಗೂ ಗೊತ್ತು. ಎಣಿಕೆ ಮುಗಿದ ಮರುದಿನದಿಂದ ಇವರು ಅವರ ಅಂಗಡಿಗೆ ಹೋಗುವುದಿಲ್ಲ, ಮದುವೆ ಕರೆಯೋಲೆ ಆ ಬೀದಿ ದಾಟುವುದಿಲ್ಲ, ಡೇರಿಗೆ ಹಾಲು ಹಾಕುವ ಸರದಿಯಲ್ಲೂ ಮುಖ ತಿರುಗುತ್ತದೆ. ಅಪಾರ್ಟ್‌ಮೆಂಟ್ ಸಂಘದಲ್ಲೂ, ಹೊರದೇಶದ ಕನ್ನಡ ಕೂಟದಲ್ಲೂ ಇದೇ ಪಾಡು.

ಇಂಥ ಕಡೆ ಎರಡೂ ಬಣಕ್ಕೆ ಒಪ್ಪಿಗೆಯಾಗುವ ನೆಲೆ ಸಿಗುತ್ತದೆಯೇ? ಸಿಗುತ್ತದೆ. ಆದರೆ ಅಭಿಪ್ರಾಯದಲ್ಲಿ ಒಮ್ಮತ ಹುಡುಕಿ ಹೊರಟವರು ಬರಿಗೈಲಿ ವಾಪಸಾಗುತ್ತಾರೆ. ಕೈಗೆ ಸಿಗುವುದು ಎರಡೇ. ಎದುರಿನವರು ನಿಜಕ್ಕೂ ಏನು ಹೇಳುತ್ತಿದ್ದಾರೆ ಎಂಬ ಸರಿಯಾದ ಚಿತ್ರ ಒಂದು. ಅಳತೆ, ದಿನಾಂಕ, ಹೊಣೆ ಮೂರೂ ಇರುವ ಸಣ್ಣ ಒಪ್ಪಂದ ಇನ್ನೊಂದು. ಮೊದಲನೆಯದಕ್ಕೆ ಒಂದು ಸಂಜೆ ಬೇಕು, ಎರಡನೆಯದಕ್ಕೆ ಇನ್ನೊಂದು ಸಂಜೆ. ಒಂದೇ ದಿನ ಎರಡನ್ನೂ ತುರುಕಿದರೆ ಎರಡೂ ಕೆಡುತ್ತವೆ.

ಕಾವೇರಿಯನ್ನೇ ತೆಗೆದುಕೊಳ್ಳಿ. 2003ರಲ್ಲಿ ಚೆನ್ನೈನ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಎಸ್. ಜನಕರಾಜನ್ ಅವರ ಪ್ರಯತ್ನದಿಂದ ಕರ್ನಾಟಕ, ತಮಿಳುನಾಡು ಎರಡೂ ಕಡೆಯ ರೈತರು ಸೇರಿ ‘ಕಾವೇರಿ ಕುಟುಂಬ’ ಕಟ್ಟಿದರು. ಅವರ ಜಮೀನನ್ನು ಇವರು, ಇವರದನ್ನು ಅವರು ಹೋಗಿ ನೋಡಿದರು. ಯಾರ ಪಾಲು ಎಷ್ಟು ಎಂಬ ಲೆಕ್ಕ ಮಾತ್ರ ಅಲ್ಲಿ ಬಗೆಹರಿಯಲಿಲ್ಲ. ಅದು ಕೊನೆಗೆ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು, ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಎಂದು. ಹಾಗಂತ ರೈತರು ಕೂತದ್ದು ದಂಡವಲ್ಲ. ಕೋರ್ಟು ಕೊಡಬೇಕಾದ್ದನ್ನು ಕೂಟದಿಂದ ಕೇಳಬಾರದು, ಕೂಟ ಕೊಡುವುದನ್ನು ಕೋರ್ಟಿನಿಂದ ಕೇಳಬಾರದು, ಅಷ್ಟೇ.

ಕೂರಿಸಬಾರದ ಸಂದರ್ಭ

ಕುರ್ಚಿ ಎಣಿಸುವ ಮೊದಲು ಇದನ್ನು ತೀರ್ಮಾನಿಸಿ. ಹೊಡೆದಾಟ ನಡೆದು ಠಾಣೆಯಲ್ಲಿ ಕೇಸು ಇದ್ದರೆ ಅದೇ ವಿಷಯದ ಮೇಲೆ ಕೂಟ ಬೇಡ. ದಲಿತರ ಮೇಲಿನ ದೌರ್ಜನ್ಯದ ದೂರು, ಬಹಿಷ್ಕಾರ, ಹೆಣ್ಣುಮಕ್ಕಳ ಮೇಲಿನ ಹಿಂಸೆ ಇವು ‘ಎರಡೂ ಕಡೆ ಸ್ವಲ್ಪ ಸ್ವಲ್ಪ ಬಗ್ಗಿ’ ಎನ್ನುವ ವಿಷಯಗಳೇ ಅಲ್ಲ. ಊರ ಹಿರಿಯರು ಅರಳಿಕಟ್ಟೆ ಮೇಲೆ ಕೂತು ಮಾಡಿಸುವ ರಾಜಿ ಇಂಥ ಪ್ರಕರಣಗಳಲ್ಲಿ ಬಲಹೀನರ ಬಾಯಿ ಮುಚ್ಚಿಸುವ ಉಪಾಯ ಮಾತ್ರ. ಕೇಸು ತನ್ನ ದಾರಿಯಲ್ಲಿ ಹೋಗಲಿ. ಒಂದು ಬಣ ಇನ್ನೊಂದು ಬಣಕ್ಕೆ ಊರಲ್ಲಿ ಇರುವ ಹಕ್ಕೇ ಇಲ್ಲ ಎನ್ನುತ್ತಿದ್ದರೂ ಅಷ್ಟೆ. ಬದುಕುವ ಹಕ್ಕಿಗೆ ಮಧ್ಯದ ದಾರಿ ಎಂಬುದಿಲ್ಲ.

ಕಾಲವೂ ಮುಖ್ಯ. ಯಾವುದೇ ಚುನಾವಣೆಗೆ ಎರಡು ತಿಂಗಳಿಗಿಂತ ಕಡಿಮೆ ಇದ್ದರೆ ಮುಂದೂಡಿ. ಆಗ ಬಂದು ಕೂತವನನ್ನು ಅವನ ಬಣದವರೇ ‘ಆ ಕಡೆಗೆ ಹಾರುತ್ತಿದ್ದಾನೆ’ ಎಂದು ಗುಮಾನಿಯಿಂದ ನೋಡುತ್ತಾರೆ. ಫಲಿತಾಂಶ ಬಂದ ವಾರವೂ ಬೇಡ. ಗೆದ್ದವರ ಪಟಾಕಿ ಸದ್ದು ಅಡಗಿ, ಬಿತ್ತನೆಯೋ ಕೊಯ್ಲೋ ಮುಗಿದು ಜನಕ್ಕೆ ಬಿಡುವಾಗುವ ಹೊತ್ತು ಒಳ್ಳೆಯದು.

ಯಾರು, ಎಷ್ಟು ಜನ

ಇಲ್ಲಿ ಹೇಳುವ ಕೂಟದ ಕ್ರಮದ ಮೂಲ ಅಮೆರಿಕದ್ದು. ಟ್ರಂಪ್ ಗೆದ್ದ ಮರುತಿಂಗಳು, 2016ರ ಡಿಸೆಂಬರಿನಲ್ಲಿ, ಒಹಾಯೊ ರಾಜ್ಯದ ಸೌತ್ ಲೆಬನಾನ್ ಎಂಬ ಸಣ್ಣ ಊರಲ್ಲಿ 10 ಜನ ಟ್ರಂಪ್ ಬೆಂಬಲಿಗರು, 11 ಜನ ಹಿಲರಿ ಕ್ಲಿಂಟನ್ ಬೆಂಬಲಿಗರು ಒಂದು ವಾರಾಂತ್ಯ ಎದುರುಬದುರು ಕೂತರು. ಅಲ್ಲಿಂದ ಬೆಳೆದ ಸಂಸ್ಥೆಗೆ ಈಗ ಬ್ರೇವರ್ ಏಂಜಲ್ಸ್ ಎಂದು ಹೆಸರು. ಕೂಟದ ಕ್ರಮ ರೂಪಿಸಿದ ಬಿಲ್ ಡೊಹರ್ಟಿ ವೃತ್ತಿಯಲ್ಲಿ ಗಂಡಹೆಂಡಿರ ಜಗಳ ನೋಡುವ ಚಿಕಿತ್ಸಕರು. ಆ ಅನುಭವ ಇಲ್ಲಿ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಜಗಳವಾದ ಮೇಲೂ ಒಂದೇ ಸೂರಿನಡಿ ಇರಬೇಕಾದವರ ಕಷ್ಟ ಎರಡೂ ಕಡೆ ಒಂದೇ.

ಒಂದು ಕಡೆಯಿಂದ 7 ಜನ, ಇನ್ನೊಂದು ಕಡೆಯಿಂದಲೂ ಅಷ್ಟೇ. 5ಕ್ಕಿಂತ ಕಡಿಮೆಯಾದರೆ ಒಬ್ಬ ಮಾತುಗಾರ ಇಡೀ ಪಕ್ಷವೇ ಆಗಿಬಿಡುತ್ತಾನೆ. 8 ದಾಟಿದರೆ ಮೂರು ಗಂಟೆಯಲ್ಲಿ ಎಲ್ಲರಿಗೂ ಸರದಿ ಬರುವುದಿಲ್ಲ. ಸಂಖ್ಯೆ ಸಮ ಇರಲೇಬೇಕು. ಒಂದು ಕಡೆ 7, ಇನ್ನೊಂದು ಕಡೆ 4 ಬಂದರೆ ಆ ದಿನ ಚಹಾ ಕುಡಿಸಿ ಕಳಿಸಿ. ನಾಲ್ವರನ್ನು ಏಳು ಜನರ ನಡುವೆ ಕೂರಿಸಿದರೆ ಅವರಿಗೆ ಅದು ವಿಚಾರಣೆಯಂತೆ ಕಾಣುತ್ತದೆ, ಎರಡನೇ ಸಲ ಕರೆದರೆ ಬರುವುದಿಲ್ಲ. ಅಮೆರಿಕದಲ್ಲೂ ಈ ಕೂಟಗಳಿಗೆ ಸಂಪ್ರದಾಯವಾದಿಗಳನ್ನು ಕರೆತರುವುದೇ ದೊಡ್ಡ ತಲೆನೋವು, ‘ನಮ್ಮನ್ನು ತಿದ್ದಲು ಕರೆಯುತ್ತಿದ್ದಾರೆ’ ಎಂಬ ಅನುಮಾನ. ಆದ್ದರಿಂದ ಬರಲು ಹಿಂಜರಿಯುವ ಬಣದ ಜನರನ್ನು ಮೊದಲು ಒಪ್ಪಿಸಿ, ಅವರ ಏಳು ಹೆಸರು ಖಾತ್ರಿಯಾದ ಮೇಲೆ ಎದುರು ಬಣಕ್ಕೆ ಹೇಳಿ. ಒಪ್ಪಿಸುವಾಗ ‘ಸೌಹಾರ್ದ ಸಭೆ’ ಎಂಬ ಹೆಸರು ಬೇಡ. ಆ ಪದಕ್ಕೇ ಈಗ ಒಂದು ಪಕ್ಷದ ವಾಸನೆ ಹತ್ತಿದೆ. ‘ನೀವು ಹೇಳುವುದನ್ನು ಅಡ್ಡ ಮಾತಾಡದೆ ಅವರು ಕೇಳುತ್ತಾರೆ, ಅವರದನ್ನು ನೀವು ಕೇಳಬೇಕು’ ಎಂದಷ್ಟೇ ಹೇಳಿ.

ಹಾಲಿ ಪಂಚಾಯಿತಿ ಸದಸ್ಯರು, ಬೂತ್ ಏಜೆಂಟರು, ಕಾಮಗಾರಿ ಗುತ್ತಿಗೆದಾರರು ಮೊದಲ ಕೂಟಕ್ಕೆ ಬೇಡ. ಅವರ ಒಂದೊಂದು ಮಾತೂ ಮೇಲಿನವರ ಕಿವಿ ಮುಟ್ಟುತ್ತದೆ ಎಂದು ಅವರಿಗೇ ಗೊತ್ತಿರುವಾಗ ಮನಸ್ಸಿನ ಮಾತು ಆಡುವುದು ಹೇಗೆ? ನಾಯಕರನ್ನು ಶಾಶ್ವತವಾಗಿ ದೂರ ಇಡಬೇಕೆಂದೂ ಇಲ್ಲ. ಐರ್ಲೆಂಡಿನಲ್ಲಿ 2012ರ ಸಂವಿಧಾನ ಸಮಾವೇಶದಲ್ಲಿ 66 ಸಾಮಾನ್ಯ ನಾಗರಿಕರ ಜೊತೆ 33 ರಾಜಕಾರಣಿಗಳೂ ಕೂತಿದ್ದರು. ಗರ್ಭಪಾತದಂಥ ಕಡುವಿವಾದ ಕೈಗೆತ್ತಿಕೊಂಡ 2016ರ ನಾಗರಿಕ ಸಭೆಯಲ್ಲಿ ಮಾತ್ರ ರಾಜಕಾರಣಿಗಳಿಗೆ ಜಾಗವಿರಲಿಲ್ಲ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ 99 ನಾಗರಿಕರು, ಅಧ್ಯಕ್ಷತೆಗೆ ನ್ಯಾಯಮೂರ್ತಿ ಮೇರಿ ಲಾಫಾಯ್. ಆ ಸಭೆಯ ಶಿಫಾರಸಿನ ಹಿಂದೆಯೇ ನಡೆದ 2018ರ ಮೇ 25ರ ಜನಮತದಲ್ಲಿ ಶೇ 66.4 ಮಂದಿ ಸಂವಿಧಾನದಲ್ಲಿದ್ದ ಗರ್ಭಪಾತದ ತಡೆಯನ್ನು ತೆಗೆಯಲು ಒಪ್ಪಿದರು. ರಾಜಕಾರಣಿಗಳಿಂದ ಮೂವತ್ತೈದು ವರ್ಷ ಬಗೆಹರಿಯದೆ ಉಳಿದಿದ್ದ ವಿಷಯ ಅದು.

ಊರ ಮಟ್ಟದಲ್ಲಿ ಹೀಗೆ ಮಾಡಿ. ಬರುತ್ತೇನೆಂದು ಒಪ್ಪಿದವರ ಹೆಸರನ್ನು ಬಣವಾರು ಚೀಟಿಯಲ್ಲಿ ಬರೆದು, ಹೆಂಗಸರದ್ದು ಒಂದು ಡಬ್ಬಿ, ಗಂಡಸರದ್ದು ಒಂದು ಡಬ್ಬಿ ಮಾಡಿ, ಎಲ್ಲರೆದುರು ಶಾಲೆ ಮಗುವಿನ ಕೈಯಿಂದ ಎತ್ತಿಸಿ. ಪ್ರತಿ ಬಣದಲ್ಲಿ ಕನಿಷ್ಠ 3 ಹೆಂಗಸರಿರಲಿ, ಅದೂ ಕೂಟಕ್ಕೆ ಬರುವ ಗಂಡಸರ ಮನೆಯವರಲ್ಲದವರು. ಇಲ್ಲದಿದ್ದರೆ ‘ನಮ್ಮೆಜಮಾನ್ರು ಹೇಳಿದ ಹಾಗೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ನಡೆಸಲು ಇಬ್ಬರು ಬೇಕು, ಬಣಕ್ಕೊಬ್ಬರಂತೆ. ಯಾವ ಪಕ್ಷದವರೂ ಅಲ್ಲದ ಒಬ್ಬ ಮಹಾತ್ಮನನ್ನು ಹುಡುಕುತ್ತ ಕಾಲ ಕಳೆಯಬೇಡಿ, ಅಂಥವರು ಇಲ್ಲ, ಇದ್ದರೂ ಊರು ನಂಬುವುದಿಲ್ಲ. ಒಲವು ಗೊತ್ತಿದ್ದೂ ನಾಲಿಗೆ ಹಿಡಿತದಲ್ಲಿರುವ ಇಬ್ಬರು ಸಾಕು. ನಿವೃತ್ತ ಮೇಷ್ಟ್ರು, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಪ್ರತಿನಿಧಿ ಇಂಥವರು. ಒಂದು ಷರತ್ತು: ತಮ್ಮ ಬಣದವರು ಮಿತಿ ಮೀರಿದಾಗ ತಡೆಯಬೇಕಾದವರು ಅವರೇ, ಎದುರು ಬಣದ ನಡೆಸುವವರಲ್ಲ.

ಜಾಗ

ಗುಡಿ, ಮಸೀದಿ, ಮಠ, ಪಕ್ಷದ ಕಚೇರಿ, ಯಾರದೋ ಜಗುಲಿ ಯಾವುದೂ ಬೇಡ. ಹಾಲು ಉತ್ಪಾದಕರ ಸಂಘದ ಕಟ್ಟಡ ಬಹಳ ಊರುಗಳಲ್ಲಿ ಒಳ್ಳೆಯ ಆಯ್ಕೆ, ಎರಡೂ ಬಣದ ಹಾಲು ದಿನಾ ಅಲ್ಲೇ ಒಂದೇ ಕ್ಯಾನಿಗೆ ಬೀಳುತ್ತದೆ. ಇಲ್ಲವೇ ರಜಾ ದಿನ ಅನುಮತಿ ಪಡೆದು ಶಾಲೆಯ ಕೋಣೆ.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದು: ವಿರುದ್ಧ ಗುಂಪುಗಳು ಸುಮ್ಮನೆ ಒಟ್ಟಿಗೆ ಸೇರಿದರೆ ಸಾಲದು. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಕೆಲಸ, ಮೇಲಿನವರ ಬೆಂಬಲ ಇರಬೇಕು. ನಮ್ಮ ಊರುಗಳಲ್ಲಿ ಮೊದಲು ಮುಗ್ಗರಿಸುವುದು ಸಮಾನ ಸ್ಥಾನದಲ್ಲೇ. ಎಲ್ಲರಿಗೂ ಒಂದೇ ಬಗೆಯ, ಒಂದೇ ಎತ್ತರದ ಕುರ್ಚಿ. ಕುರ್ಚಿ ಸಾಲದಿದ್ದರೆ ಎಲ್ಲರೂ ಚಾಪೆ ಮೇಲೆ. ‘ನಾವು ಇಲ್ಲೇ ಕೆಳಗೆ ಕೂತ್ಕೋತೀವಿ ಬಿಡಿ’ ಎಂದು ಯಾರಾದರೂ ಬಾಗಿಲ ಬಳಿ ನೆಲಕ್ಕೆ ಜಾರಿದರೆ ಅದನ್ನು ವಿನಯ ಎಂದು ಬಿಟ್ಟುಬಿಡಬೇಡಿ, ನಡೆಸುವವರೂ ಸೇರಿ ಎಲ್ಲರೂ ನೆಲಕ್ಕೇ ಬನ್ನಿ. ಚಹಾಕ್ಕೆ ಒಂದೇ ಬಗೆಯ ಸ್ಟೀಲ್ ಲೋಟ. ಕೆಲವರಿಗೆ ಸ್ಟೀಲು, ಕೆಲವರಿಗೆ ಪೇಪರ್ ಕಪ್ಪು ಬಂದ ಕ್ಷಣಕ್ಕೆ ಆ ಸಂಜೆ ಮುಗಿಯಿತು ಎಂದುಕೊಳ್ಳಿ.

ಮೊಬೈಲುಗಳು ಬುಟ್ಟಿಗೆ. ಫೋಟೊ, ವಿಡಿಯೊ, ಪತ್ರಿಕಾ ವರದಿ ಇಲ್ಲ. ಹತ್ತು ಸೆಕೆಂಡಿನ ತುಣುಕು ಸ್ಟೇಟಸ್ಸಿಗೆ ಹೋದರೆ ಇಡೀ ತಾಲ್ಲೂಕಿಗೆ ಉತ್ತರ ಹೇಳಬೇಕಾಗುತ್ತದೆ.

ಮೊದಲ ಸಂಜೆ: ಮೂರು ಗಂಟೆ

ಮೊದಲ 15 ನಿಮಿಷ ನಿಯಮ ಮತ್ತು ಚೀಟಿ. ನಿಯಮ ಮೂರೇ: ನನ್ನ ಮಾತು ನಾನು ಆಡುತ್ತೇನೆ, ನಿಮ್ಮನ್ನು ಬದಲಿಸಲು ನೋಡುವುದಿಲ್ಲ, ಅಡ್ಡ ಬಾಯಿ ಹಾಕುವುದಿಲ್ಲ. ಜೊತೆಗೆ ಬೋರ್ಡಿನ ಮೇಲೆ ಆ ದಿನ ಬಳಸಬಾರದ ಪದಗಳನ್ನು ಅವರಿಂದಲೇ ಕೇಳಿ ಬರೆಯಿರಿ. ಭಕ್ತ, ಗುಲಾಮ, ಚಡ್ಡಿ, ಗಂಜಿ ಗಿರಾಕಿ ಎಂದು ಪಟ್ಟಿ ತಾನಾಗಿ ಬೆಳೆಯುತ್ತದೆ, ಬರೆಸುತ್ತಲೇ ಕೆಲವರಿಗೆ ನಗು ಬರುತ್ತದೆ. ಆ ನಗು ಒಳ್ಳೆಯದು.

ಚೀಟಿ ಹೀಗೆ. ಒಂದೇ ವಾಕ್ಯವನ್ನು ಎಲ್ಲರಿಗೂ ಓದಿ, ಉದಾಹರಣೆಗೆ: ‘ಗೆದ್ದ ಪಕ್ಷಕ್ಕೆ ವೋಟು ಹಾಕದ ಬೀದಿಗೆ ನೀರು, ರಸ್ತೆ ಕೆಲಸ ಕಡಿಮೆ ಕೊಟ್ಟರೂ ತಪ್ಪಿಲ್ಲ.’ ಪ್ರತಿಯೊಬ್ಬರೂ ಹೆಸರು ಹಾಕದೆ ಎರಡು ಉತ್ತರ ಬರೆಯಲಿ. ನಾನು ಇದನ್ನು ಒಪ್ಪುತ್ತೇನೋ ಇಲ್ಲವೋ, ಮತ್ತು ಎದುರಿನ 7 ಜನರಲ್ಲಿ ಎಷ್ಟು ಮಂದಿ ಒಪ್ಪುತ್ತಾರೆ ಎಂದು ನನ್ನ ಊಹೆ. ಬಣಕ್ಕೊಂದು ಬಣ್ಣದ ಚೀಟಿ ಕೊಟ್ಟರೆ ಎಣಿಕೆ ಸುಲಭ. ಊಹೆಗೂ ವಾಸ್ತವಕ್ಕೂ ಅಂತರ ಸಾಮಾನ್ಯವಾಗಿ ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದಲ್ಲಿ ಮೋರ್ ಇನ್ ಕಾಮನ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಪಕ್ಷದವರು ಎದುರಿನವರಲ್ಲಿ ಸುಮಾರು ಶೇ 55 ಮಂದಿ ಅತಿರೇಕಿಗಳು ಎಂದು ಊಹಿಸಿದ್ದರು, ನಿಜದಲ್ಲಿ ಇದ್ದದ್ದು ಶೇ 30ರ ಆಸುಪಾಸು. ನಿಮ್ಮ ಎಣಿಕೆಯನ್ನು ಬೋರ್ಡಿಗೆ ಬರೆದು ಸುಮ್ಮನಿರಿ, ವ್ಯಾಖ್ಯಾನ ಬೇಡ. ಒಂದು ಎಚ್ಚರ: ಕರೆದಾಗ ಬಂದವರು ಸಾಮಾನ್ಯವಾಗಿ ಮೆದು ಸ್ವಭಾವದವರು. ಆ ಅಂಕಿಯನ್ನು ಇಡೀ ಊರಿಗೆ ಅನ್ವಯಿಸಬೇಡಿ.

ಮುಂದಿನ 45 ನಿಮಿಷ ತಪ್ಪು ಚಿತ್ರಗಳಿಗೆ. ಎರಡೂ ಬಣ ಬೇರೆ ಬೇರೆ ಮೂಲೆಯಲ್ಲಿ ಕೂತು, ‘ಅವರು ನಮ್ಮ ಬಗ್ಗೆ ಏನಂದುಕೊಂಡಿದ್ದಾರೆ’ ಎಂದು ನಾಲ್ಕು ವಾಕ್ಯ ಬರೆಯಬೇಕು. ಪ್ರತಿಯೊಂದರ ಎದುರು ಎರಡು ಅಂಕಣ: ನಿಜ ಏನು? ಅದರಲ್ಲಿ ಒಂದಿಷ್ಟಾದರೂ ಸತ್ಯ ಇದೆಯೇ? ಇಡೀ ಸಂಜೆಯ ಜೀವ ಇರುವುದು ಈ ಎರಡನೇ ಅಂಕಣದಲ್ಲಿ. ‘ನಾವು ಮುಸ್ಲಿಮರನ್ನು ದ್ವೇಷಿಸುತ್ತೇವೆ ಎಂದುಕೊಂಡಿದ್ದಾರೆ. ನಿಜ ಹಾಗಿಲ್ಲ. ಆದರೆ ನಮ್ಮ ಗ್ರೂಪಿನಲ್ಲಿ ಅಂಥ ಪೋಸ್ಟು ಬಂದಾಗ ನಾವು ಯಾರೂ ತಡೆಯುವುದಿಲ್ಲ.’ ‘ನಮಗೆ ಹಿಂದೂ ಆಚರಣೆ ಎಂದರೆ ತಾತ್ಸಾರ ಎಂದುಕೊಂಡಿದ್ದಾರೆ. ನಾವೂ ಹಬ್ಬ ಮಾಡುತ್ತೇವೆ. ಆದರೆ ನಮ್ಮವರು ಕೆಲವರು ಗೇಲಿ ಮಾಡುವುದು ನಿಜ.’ ತನ್ನ ಬಣದ ಹುಳುಕನ್ನು ಒಬ್ಬ ತಾನಾಗಿ ಹೇಳಿದ ಮೇಲೆ ಎದುರಿನವನಿಗೆ ಅದನ್ನೇ ಎತ್ತಿ ಹೊಡೆಯಲು ಮನಸ್ಸು ಬರುವುದಿಲ್ಲ. ಅಂಕಣ ಖಾಲಿ ಬಿಡುವ ಬಣವೂ ಇರುತ್ತದೆ. ಒತ್ತಾಯಿಸಬೇಡಿ. ಎದುರಿನವರದು ಓದಿದ್ದನ್ನು ಕೇಳಿದ ಮೇಲೆ ಐದು ನಿಮಿಷ ಹೆಚ್ಚು ಕೊಡಿ, ಆಗ ಒಂದಾದರೂ ಬರುತ್ತದೆ.

ಮೂರನೇ ಹಂತ 60 ನಿಮಿಷ, ಬಣಕ್ಕೆ ಅರ್ಧರ್ಧ. ಒಂದು ಬಣ ಒಳಸುತ್ತಿನಲ್ಲಿ ಕೂರಲಿ, ಇನ್ನೊಂದು ಅವರ ಹಿಂದೆ ಹೊರಸುತ್ತಿನಲ್ಲಿ, ಬಾಯಿ ಬಿಡದೆ. ಒಳಗಿನವರಿಗೆ ಎರಡೇ ಪ್ರಶ್ನೆ. ನಿಮ್ಮ ಪಕ್ಷದ ನಿಲುವು ನಾಡಿಗೆ ಏಕೆ ಒಳ್ಳೆಯದು ಎಂದು ನಿಮಗನಿಸುತ್ತದೆ? ನಿಮ್ಮ ಪಕ್ಷದ ಬಗ್ಗೆ ನಿಮಗೇ ಇರುವ ಅಳುಕು ಏನು? ಉತ್ತರದಲ್ಲಿ ಎದುರು ಪಕ್ಷದ ಹೆಸರು ಬರಬಾರದು. ಇದು ಕಂಡಷ್ಟು ಸುಲಭವಲ್ಲ: ‘ಅವರ ಕಾಲದಲ್ಲಿ ಏನಾಗಿತ್ತು ಗೊತ್ತಾ’ ಎಂದೇ ಮೊದಲ ವಾಕ್ಯ ಶುರುವಾಗುತ್ತದೆ. ನಡೆಸುವವರು ಕೈ ಎತ್ತಿ ‘ನಿಮ್ಮದು ಹೇಳಿ’ ಎನ್ನಬೇಕು, ಬೇಕಾದರೆ ಹತ್ತು ಸಲ.

15 ನಿಮಿಷ ಚಹಾ. ಉಳಿದ 45 ನಿಮಿಷ ಪ್ರಶ್ನೆಗಳಿಗೆ, ಮತ್ತು ನಡೆಸುವವರ ನಿಜವಾದ ದುಡಿಮೆ ಇಲ್ಲಿದೆ. ಪ್ರತಿ ಬಣ ಎದುರಿನವರಿಗೆ ಮೂರು ಪ್ರಶ್ನೆ ಬರೆಯುತ್ತದೆ. ಕೇಳುವ ಮೊದಲು ನಡೆಸುವವರು ಒಂದೊಂದನ್ನೂ ಸೋಸಬೇಕು. ‘ಬಿಟ್ಟಿ ಭಾಗ್ಯ ತಿಂದು ಜನ ಸೋಮಾರಿಗಳಾಗ್ತಿದ್ದಾರೆ ಅಂತ ಒಪ್ಪಲ್ವಾ?’ ಎಂಬುದು ಪ್ರಶ್ನೆಯಲ್ಲ, ಪ್ರಶ್ನಾರ್ಥಕ ಚಿಹ್ನೆ ಹಚ್ಚಿದ ಆರೋಪ. ಅದನ್ನು ತಿದ್ದಿದರೆ: ‘ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮ ಮನೆಯಲ್ಲಿ ಯಾವುದಕ್ಕೆ ಹೋಗುತ್ತದೆ? ಅದು ನಿಂತರೆ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ?’ ಆ ಕಡೆಯಿಂದ ಬರುವುದೂ ಕಮ್ಮಿಯೇನಿಲ್ಲ. ‘ಧರ್ಮ ಧರ್ಮ ಅಂತೀರಲ್ಲ, ಹೊಟ್ಟೆಗೇನು ತಿಂತೀರಿ?’ ಇದನ್ನು ಹೀಗೆ ಮಾಡಬಹುದು: ‘ವೋಟು ಹಾಕುವಾಗ ಬೆಲೆ ಏರಿಕೆ, ಧರ್ಮದ ವಿಷಯ ಎರಡೂ ನಿಮ್ಮ ಮನಸ್ಸಿಗೆ ಬಂದಾಗ ಹೇಗೆ ತೂಗಿದಿರಿ?’ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ, ‘ಯಾಕೆ ನೀವು’ ಎಂದು ಶುರುವಾಗುವ ಪ್ರಶ್ನೆ, ದೆಹಲಿಯ ನಾಯಕರ ಪರವಾಗಿ ಉತ್ತರಿಸಬೇಕಾದ ಪ್ರಶ್ನೆ ಮೂರನ್ನೂ ವಾಪಸು ಕಳಿಸಿ.

ಉತ್ತರ ಬಂದ ಮೇಲೆ ಕೇಳಿದವರು ಅದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು, ಉತ್ತರಿಸಿದವರು ‘ಹೌದು, ನಾನು ಹೇಳಿದ್ದು ಅದೇ’ ಎನ್ನುವ ತನಕ. ಮೊದಲ ಪ್ರಯತ್ನದಲ್ಲಿ ಸಾಮಾನ್ಯವಾಗಿ ತಪ್ಪುತ್ತದೆ.

ಅಂಕಿಅಂಶದ ಜಗಳ ಎದ್ದೇ ಏಳುತ್ತದೆ. ಯಾರ ಕಾಲದಲ್ಲಿ ಸಾಲ ಎಷ್ಟು, ಯಾವ ಅಣೆಕಟ್ಟು ಯಾರು ಕಟ್ಟಿಸಿದ್ದು. ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು, ಯಾವ ದಾಖಲೆ ತೋರಿಸಿದರೆ ಇಬ್ಬರೂ ಒಪ್ಪುತ್ತೀರಿ ಎಂದಷ್ಟೇ ಕೇಳಿ. ಮುಂದಿನ ಸಲ ಆ ದಾಖಲೆ ತರಲು ಬಣಕ್ಕೊಬ್ಬರು. ಅರ್ಧಕ್ಕರ್ಧ ತಕರಾರು ಮುಂದಿನ ಸಲಕ್ಕೆ ಬರುವುದೇ ಇಲ್ಲ.

ಇದೆಲ್ಲ ಬರೀ ಮಾತು ಎನ್ನುವವರಿಗೆ: 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೇವಿಡ್ ಬ್ರೂಕ್ಮನ್, ಜೋಶುವಾ ಕಲ್ಲಾ ಎಂಬ ಸಂಶೋಧಕರು, ಅಮೆರಿಕದ ಮಯಾಮಿಯಲ್ಲಿ ಕಾರ್ಯಕರ್ತರು ಮನೆ ಬಾಗಿಲಲ್ಲಿ ನಿಂತು ನಡೆಸಿದ ಸುಮಾರು 10 ನಿಮಿಷದ ಮಾತುಕತೆಯ ಪರಿಣಾಮವನ್ನು ಅಳೆದರು. ವಾದಿಸದೆ, ಎದುರಿನವರ ಸ್ವಂತ ಅನುಭವ ಕೇಳುವ ಬಗೆಯ ಮಾತು. ತೃತೀಯಲಿಂಗಿಗಳ ಬಗೆಗಿನ ಪೂರ್ವಗ್ರಹ ಕಡಿಮೆಯಾದದ್ದು ಮೂರು ತಿಂಗಳಾದರೂ ಉಳಿದಿತ್ತು. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಟ್ವಿಟರ್ ಬಳಕೆದಾರರಿಗೆ ಒಂದು ತಿಂಗಳು ವಿರುದ್ಧ ಪಕ್ಷದ ಪೋಸ್ಟುಗಳನ್ನು ತೋರಿಸಲಾಯಿತು. ರಿಪಬ್ಲಿಕನ್ನರು ಇನ್ನಷ್ಟು ಗಟ್ಟಿಯಾದರೇ ಹೊರತು ಮೆತ್ತಗಾಗಲಿಲ್ಲ. ಹಾಗಾಗಿ ಫ್ಯಾಮಿಲಿ ಗ್ರೂಪಿಗೆ ‘ಇದನ್ನೂ ಓದಿ’ ಎಂದು ಲಿಂಕು ಎಸೆಯುವ ಸಮಾಜಸೇವೆ ನಿಲ್ಲಿಸಿ. ಹೇಳಲೇಬೇಕಾದ್ದು ಇದ್ದರೆ ಆ ಮಾವನಿಗೋ ಭಾವನಿಗೋ ನೇರ ಫೋನ್ ಮಾಡಿ.

ಎರಡನೇ ಸಂಜೆ: ಒಂದೇ ಒಂದು ಕೆಲಸ

ಎರಡರಿಂದ ಮೂರು ವಾರದ ಒಳಗೆ ಕೂರಿ. ಎತ್ತಿಕೊಳ್ಳುವ ವಿಷಯ ಊರಿನ ಕೈಯಲ್ಲೇ ಇರಬೇಕು, ಅಳೆಯಲು ಬರಬೇಕು, ಮೂರು ತಿಂಗಳಲ್ಲಿ ಆಯಿತೋ ಇಲ್ಲವೋ ಗೊತ್ತಾಗಬೇಕು. ‘ಸೌಹಾರ್ದದಿಂದ ಬಾಳುವುದು’ ಇಂಥ ವಿಷಯವಲ್ಲ. ಸರ್ಕಲ್ಲಿನ ಫ್ಲೆಕ್ಸ್ ಆಗಬಹುದು.

ಫ್ಲೆಕ್ಸ್ ಜಗಳವನ್ನು ಬಿಡಿಸಿ ನೋಡಿದರೆ ಬ್ಯಾನರ್ ಕಟ್ಟಿದ್ದಕ್ಕಿಂತ ಅದನ್ನು ಎದುರು ಬಣದವನು ಮುಟ್ಟಿದ್ದೇ ಬೆಂಕಿಗೆ ಕಾರಣವಾಗಿರುತ್ತದೆ. ಹಬ್ಬ ಮುಗಿದು ವಾರವಾದರೂ ಬಿಚ್ಚಿಲ್ಲ, ಇನ್ನೊಬ್ಬರ ಕಾರ್ಯಕ್ರಮಕ್ಕೆ ಜಾಗ ಬೇಕು, ಬಿಚ್ಚುವಾಗ ನಾಯಕರ ಮುಖವೇ ಹರಿಯುತ್ತದೆ. ಅಷ್ಟು ಸಾಕು. ಹಾಗಾಗಿ ಒಪ್ಪಂದ ಹೀಗಿರಲಿ: ಪಂಚಾಯಿತಿ ಅನುಮತಿ ಇದ್ದರೆ ಮಾತ್ರ ಕಟ್ಟುವುದು. ಬಣಕ್ಕೆ 2 ಬ್ಯಾನರ್, ಅಳತೆ 4×6 ಅಡಿ ಮೀರಬಾರದು. ಮೂರು ದಿನ ಮೊದಲು ಕಟ್ಟಿ, ಕಾರ್ಯಕ್ರಮ ಮುಗಿದ 24 ಗಂಟೆಯೊಳಗೆ ಕಟ್ಟಿದವರೇ ಬಿಚ್ಚಬೇಕು. ಬಿಚ್ಚದಿದ್ದರೂ ಎದುರು ಬಣ ಕೈ ಹಚ್ಚುವಂತಿಲ್ಲ, ಎರಡೂ ಬಣ ಒಪ್ಪಿದ ಮೂರನೆಯವರು ಬಿಚ್ಚಿ ಮಡಚಿ ಇಡಬೇಕು. ಅವರ ಕೂಲಿ 300 ರೂಪಾಯಿ, ಬಣಗಳು ಮೊದಲೇ ಇಟ್ಟ ತಲಾ 1,000 ರೂಪಾಯಿ ಠೇವಣಿಯಿಂದ.

ಒಪ್ಪಂದ ಕಾನೂನಿಗಿಂತ ಕೆಳಗೆ ಇಳಿಯಬಾರದು. ಧ್ವನಿವರ್ಧಕದ ವಿಷಯ ಬಂದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರದ್ದು, ಊರಿನದಲ್ಲ. ‘ನಿಮ್ಮ ಜಾತ್ರೆಗೆ ನಾವು ಸುಮ್ಮನಿರುತ್ತೇವೆ, ನಮ್ಮ ಉರುಸಿಗೆ ನೀವು ಸುಮ್ಮನಿರಿ’ ಎಂಬ ಒಪ್ಪಂದದಲ್ಲಿ ನಿದ್ದೆ ಕೆಡುವುದು ಪರೀಕ್ಷೆಗೆ ಓದುವ ಮಕ್ಕಳದ್ದು, ಅವರು ಕೂಟದಲ್ಲಿ ಇರುವುದಿಲ್ಲ.

ತೀರ್ಮಾನಕ್ಕೆ ಕೈ ಎತ್ತಿಸಿ ಒಟ್ಟು ಬಹುಮತ ಎಣಿಸಬೇಡಿ. 7ಕ್ಕೆ 7 ಇರುವಲ್ಲಿ ಒಬ್ಬ ಜಾರಿದರೆ 8 ಆಗುತ್ತದೆ, ಸೋತ ಬಣ ಆ ಒಬ್ಬನನ್ನು ದ್ರೋಹಿ ಎನ್ನುತ್ತದೆ. ಉತ್ತರ ಐರ್ಲೆಂಡಿನ 1998ರ ಗುಡ್ ಫ್ರೈಡೇ ಒಪ್ಪಂದ ಇದಕ್ಕೆ ದಾರಿ ಹುಡುಕಿತ್ತು. ಅಲ್ಲಿನ ವಿಧಾನಸಭೆಯಲ್ಲಿ ಮುಖ್ಯ ವಿಷಯಗಳಿಗೆ ಬ್ರಿಟನ್ ಜೊತೆ ಉಳಿಯಬೇಕೆನ್ನುವ ಯೂನಿಯನಿಸ್ಟ್, ಐರ್ಲೆಂಡ್ ಜೊತೆ ಸೇರಬೇಕೆನ್ನುವ ನ್ಯಾಷನಲಿಸ್ಟ್ ಎರಡೂ ಕಡೆಯ ಬಹುಮತ ಬೇಕು, ಇಲ್ಲವೇ ಒಟ್ಟು ಶೇ 60ರ ಜೊತೆ ಎರಡೂ ಕಡೆ ಕನಿಷ್ಠ ಶೇ 40. ನಿಮ್ಮ ಕೂಟಕ್ಕೆ ಪ್ರತಿ ಬಣದಲ್ಲಿ 7ರಲ್ಲಿ 5 ಎಂದು ಇಟ್ಟುಕೊಳ್ಳಿ. ಒಂದು ಬಣದಲ್ಲಿ 4ಕ್ಕೆ ನಿಂತರೆ ಆ ಅಂಶ ಬಿಟ್ಟು ಉಳಿದದ್ದನ್ನು ಬರೆಯಿರಿ. ಮೂರು ಅಂಶಕ್ಕಿಂತ ಹೆಚ್ಚು ಬೇಡ. ಎರಡು ಪ್ರತಿ, ಎರಡಕ್ಕೂ ಎಲ್ಲರ ಸಹಿ.

ಎಲ್ಲಿ ಕೆಡುತ್ತದೆ

ಹೆಚ್ಚು ಕೆಡುವುದು ಜಗಳದಿಂದಲ್ಲ, ಬೇಗ ಬರುವ ಭಾವುಕತೆಯಿಂದ. ಮೊದಲ ಅರ್ಧ ಗಂಟೆಗೇ ಯಾರೋ ಎದ್ದು ‘ನಾವೆಲ್ಲ ಒಂದೇ, ರಾಜಕಾರಣಿಗಳೇ ಒಡೆದದ್ದು’ ಎನ್ನುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಭಿನ್ನಾಭಿಪ್ರಾಯ ಹೇಳಬೇಕೆಂದು ಬಂದವರು ಆಮೇಲೆ ಬಾಯಿ ತೆರೆಯುವುದಿಲ್ಲ. ಆ ಮಾತು ಬಂದಾಗ ‘ಸರಿ, ಹಾಗಾದರೆ ಯಾವುದರಲ್ಲಿ ಬೇರೆ?’ ಎಂದು ಕೇಳಿ.

ಇನ್ನೊಂದು, ಸುದ್ದಿ ತಿಳಿದು ಶಾಸಕರ ಕಡೆಯವರು ಶಾಲು, ಹಾರ ಹಿಡಿದು ಬರುವುದು. ಬಾಗಿಲಲ್ಲೇ ವಂದಿಸಿ, ಮುಗಿದ ಮೇಲೆ ಬನ್ನಿ ಎನ್ನಲು ಇಬ್ಬರು ನಡೆಸುವವರೂ ಒಟ್ಟಿಗೆ ಹೋಗಬೇಕು. ಒಬ್ಬರೇ ಹೋದರೆ ಅದಕ್ಕೂ ಪಕ್ಷ ಅಂಟುತ್ತದೆ.

ಒಂದೇ ಕೂಟ ಮಾಡಿ ಬಿಟ್ಟರೆ ಉಳಿಯುವುದು ಕಡಿಮೆ. ಮಹಾರಾಷ್ಟ್ರದ ಭಿವಂಡಿ 1984ರ ಗಲಭೆಯಲ್ಲಿ ಬೆಂದ ಊರು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಬಡಾವಣೆಗೊಂದರಂತೆ ಹಿಂದೂ ಮುಸ್ಲಿಮರು ಸೇರಿದ ಮೊಹಲ್ಲಾ ಸಮಿತಿ ಕಟ್ಟಿ, ತಪ್ಪದೆ ಸೇರುವಂತೆ ನೋಡಿಕೊಂಡರು. 1992–93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ರಾಜಕೀಯ ವಿಜ್ಞಾನಿ ಅಶುತೋಷ್ ವಾರ್ಷ್ಣೇಯ ಭಾರತದ ಊರುಗಳನ್ನು ಹೋಲಿಸಿ ನೋಡಿದಾಗಲೂ ಕಂಡದ್ದು ಇದೇ ಬಗೆಯದು: ನೆರೆಹೊರೆಯ ನಮಸ್ಕಾರಕ್ಕಿಂತ ವ್ಯಾಪಾರಿ ಸಂಘ, ಕಾರ್ಮಿಕ ಸಂಘದಂಥ ಬೆರಕೆ ಸಂಘಟನೆ ಇರುವಲ್ಲಿ ಗಲಭೆ ಕಡಿಮೆ. ಆದ್ದರಿಂದ ಹೊಸ ವೇದಿಕೆ, ಲೆಟರ್‌ಹೆಡ್ಡು ಮಾಡುವ ಬದಲು ಡೇರಿ ಸಂಘ, ಶಾಲಾಭಿವೃದ್ಧಿ ಸಮಿತಿ, ಕೆರೆ ಬಳಕೆದಾರರ ಸಂಘಗಳಲ್ಲಿ ಎರಡೂ ಬಣದವರು ಉಳಿಯುವಂತೆ ನೋಡಿಕೊಳ್ಳಿ. ಒಂದು ಬಣ ಸಾರಾಸಗಟು ರಾಜೀನಾಮೆ ಕೊಟ್ಟು ಹೊರಬಂದ ಸಂಘ ನಿಮ್ಮ ಊರಲ್ಲಿ ಇದ್ದರೆ ಎರಡನೇ ಸಂಜೆಯ ವಿಷಯ ಫ್ಲೆಕ್ಸ್ ಅಲ್ಲ, ಅದೇ.

ಆರು ವಾರಕ್ಕೊಮ್ಮೆ ಒಂದು ಗಂಟೆಯ ಪರಿಶೀಲನೆ ಸಾಕು. ಒಪ್ಪಂದ ಓದಿ, ಪಾಲನೆಯಾದದ್ದಕ್ಕೆ ಗೆರೆ ಹಾಕಿ, ಮುರಿದದ್ದಕ್ಕೆ ಠೇವಣಿ ಕಡಿತ ಬರೆಯಿರಿ. ಪ್ರತಿ ಸಲ ಒಂದೊಂದು ಬಣದಿಂದಲೂ ಇಬ್ಬರು ಬಿಟ್ಟು ಹೊಸ ಇಬ್ಬರು ಬರಲಿ, ಚೀಟಿ ಎತ್ತಿಯೇ. ಒಂದೇ ಅಂಶವನ್ನು ಒಂದೇ ಬಣ ಎರಡು ಸಲ ಮುರಿದರೆ ಆ ಅಂಶ ಅಳಿಸಿ ವಿಷಯವನ್ನು ಗ್ರಾಮ ಸಭೆಗೆ ಬಿಡಿ. ಎಳೆದಾಡುತ್ತಾ ಕೂತರೆ ಉಳಿದೆರಡು ಅಂಶಗಳೂ ಅದರ ಹಿಂದೆ ಹೋಗುತ್ತವೆ. ಮುಂದಿನ ಚುನಾವಣೆ ಘೋಷಣೆಯಾದ ದಿನ ಕೂಟ ನಿಲ್ಲುತ್ತದೆ, ಒಪ್ಪಂದ ನಿಲ್ಲುವುದಿಲ್ಲ ಎಂಬ ಸಾಲನ್ನು ಮೊದಲ ಪ್ರತಿಯಲ್ಲೇ ಸೇರಿಸಿಡಿ, ಬಿಸಿ ಏರಿದ ಮೇಲೆ ಅದಕ್ಕೆ ಸಹಿ ಸಿಗುವುದಿಲ್ಲ.